ವಿಕ್ಟೋರಿಯಾ ಲಂಡನ್ನಿನಲ್ಲಿ ರಾಣಿ, ಇಂಡಿಯಾದಲ್ಲಿ ಚಕ್ರವರ್ತಿನಿ: ಹಾಗಾದ್ರೆ ‘ಎಂಪೈರ್’ ಅಂದ್ರೆ ಏನು?

ಹಳೇಪೆಟ್ಟಿಗೆ
ಮನೆಯಲ್ಲಿ ಎರಡು ಬೆಳ್ಳಿ ರೂಪಾಯಿ ಇವೆ. ಒಂದರ ಮೇಲೆ 1862, ಇನ್ನೊಂದರ ಮೇಲೆ 1884. ಎರಡರಲ್ಲೂ ಅದೇ ಹೆಂಗಸು, ಅದೇ ಕಿರೀಟ. ಆದರೆ ಮೊದಲನೆಯದರಲ್ಲಿ ‘ವಿಕ್ಟೋರಿಯಾ ಕ್ವೀನ್’ ಅಂತಿದೆ, ಎರಡನೆಯದರಲ್ಲಿ ‘ವಿಕ್ಟೋರಿಯಾ ಎಂಪ್ರೆಸ್’. ನಡುವೆ ಏನಾಯಿತು? ಇಂಡಿಯಾ ದೇಶ ಈಸ್ಟ್ ಇಂಡಿಯಾ ಕಂಪನಿ ಕೈಯಿಂದ ರಾಣಿ ಕೈಗೆ ಬಂದಿದ್ದು 1858ರಲ್ಲೇ. ಜಾಗ ಜಾಸ್ತಿ ಆಯಿತು, ಅದಕ್ಕೆ ಬಡ್ತಿ ಸಿಕ್ಕಿತು ಅನ್ನೋಣ ಅಂದ್ರೆ, ಕೆನಡಾ ನಮಗಿಂತ ದೊಡ್ಡದು. ಅಲ್ಲಿಗೆ ಅವಳು ಕೊನೆಯವರೆಗೂ ರಾಣಿಯೇ.

ಶಾಲೆಯಲ್ಲಿ ಓದಿದ್ದು ಸಣ್ಣದಾದರೆ ರಾಜ್ಯ, ದೊಡ್ಡದಾದರೆ ಸಾಮ್ರಾಜ್ಯ ಅಂತ. ಎಷ್ಟು ದೊಡ್ಡದಾದರೆ? ಅದಕ್ಕೊಂದು ಅಳತೆ ಇದೆಯಾ?

ಕೋರಮಂಗಲ ಕಾಗೆ
ಬೆಂಗಳೂರಿನವರಿಗೆ ಎಂಪೈರ್ ಅಂದ್ರೆ ಆ ಹೆಸರಿನ ಹೋಟೆಲಿನ ಮಧ್ಯರಾತ್ರಿ ಕಬಾಬು, ಪರೋಟ. ಅಳತೆ ಬೇಕಾದರೆ ಫುಲ್ ಪ್ಲೇಟು, ಹಾಫ್ ಪ್ಲೇಟು. ಮುಂದಿನದ್ದು ತಿಳಿದವರು ಹೇಳಲಿ, ನಾನು ಇಲ್ಲೇ ಕೂತಿರುತ್ತೇನೆ.

ಚಿಲ್ಲರೆ ಅಂಗಡಿ
ನಿಮ್ಮ ಎರಡು ನಾಣ್ಯಗಳ ನಡುವೆ ಒಂದು ಕಾಯ್ದೆ ಇದೆ. 1876ರ ರಾಯಲ್ ಟೈಟಲ್ಸ್ ಆಕ್ಟ್. ಮರು ವರ್ಷ, 1877ರ ಜನವರಿ 1ರಂದು, ದೆಹಲಿ ದರ್ಬಾರಿನಲ್ಲಿ ಬಿರುದನ್ನು ಸಾರಿದರು. ಆ ವರ್ಷದಿಂದ ರೂಪಾಯಿಯ ಮೇಲೆ ‘ಕ್ವೀನ್’ ಹೋಗಿ ‘ಎಂಪ್ರೆಸ್’ ಬಂತು. ತೂಕ ಬದಲಾಗಲಿಲ್ಲ. ಮೊದಲೂ 11.66 ಗ್ರಾಂ, ಆಮೇಲೂ 11.66 ಗ್ರಾಂ.

ಅಂದಹಾಗೆ, 1862 ಅಂತಿದ್ದ ಮಾತ್ರಕ್ಕೆ ಅದು ಅದೇ ವರ್ಷದ್ದು ಅಂತ ಹೇಳಲಾಗದು. 1874ರವರೆಗೂ ಟಂಕಸಾಲೆಗಳು ಅದೇ ಇಸವಿಯನ್ನು ಒತ್ತುತ್ತಿದ್ದವು. ಹಿಂಬದಿಯ ಸಣ್ಣ ಚುಕ್ಕಿಗಳನ್ನು ಎಣಿಸಿ ವರ್ಷ ಅಂದಾಜು ಮಾಡುತ್ತಾರೆ. ಭೂತಕನ್ನಡಿ ಹಿಡಿದು ನೋಡಿ. ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ.

ಬಿರುದು ಯಾಕೆ ಬೇಕಾಯಿತು ಅನ್ನುವುದಕ್ಕೆ ಅರ್ಧ ಕಾರಣ ಮನೆಯೊಳಗಿನದು. ವಿಕ್ಟೋರಿಯಾಳ ಹಿರಿಮಗಳು ಪ್ರಷ್ಯದ ಯುವರಾಜನ ಹೆಂಡತಿ. 1871ರಲ್ಲಿ ಜರ್ಮನ್ ಎಂಪೈರ್ ಹುಟ್ಟಿತು, ಬೀಗರು ಕೈಸರ್ ಆದರು. ಅಂದರೆ ಇವತ್ತಲ್ಲ ನಾಳೆ ಮಗಳು ಚಕ್ರವರ್ತಿನಿ, ತಾಯಿ ಬರೀ ರಾಣಿ. 1874ರಲ್ಲಿ ಎರಡನೇ ಮಗ ರಷ್ಯದ ತ್ಸಾರನ ಮಗಳನ್ನು ಮದುವೆಯಾದ. ಬಂದ ಸೊಸೆ ಚಕ್ರವರ್ತಿಯ ಮಗಳು. ಆಸ್ಥಾನದಲ್ಲಿ ಯಾರು ಮುಂದೆ ನಡೆಯಬೇಕು ಅಂತ ಕಿರಿಕಿರಿ ಶುರುವಾಯಿತು.

ಪ್ರಧಾನಿ ಡಿಸ್ರೇಲಿಗೆ ಬೇರೆ ಲೆಕ್ಕ ಇತ್ತು. ರಷ್ಯ ಮಧ್ಯ ಏಷ್ಯಾದಲ್ಲಿ ನಮ್ಮ ಗಡಿ ಕಡೆ ಬರುತ್ತಿತ್ತು. ಇತ್ತ ದೆಹಲಿಯ ಬಾದಶಹ ಬಹದ್ದೂರ್ ಶಾ ಜಫರ್‌ನನ್ನು ರಂಗೂನಿಗೆ ಅಟ್ಟಿದ ಮೇಲೆ ಮೇಲಿನ ಗದ್ದುಗೆ ಖಾಲಿ ಇತ್ತು. ಇಲ್ಲಿನ ನವಾಬರು, ಮಹಾರಾಜರು ಎಲ್ಲರ ಮೇಲೆ ಒಬ್ಬರು ಕೂರಬೇಕಿತ್ತು.

ಮಜಾ ಏನಂದ್ರೆ, ಬ್ರಿಟಿಷ್ ಸಂಸತ್ತಿನಲ್ಲೇ ಇದಕ್ಕೆ ಜೋರು ವಿರೋಧ ಬಂತು. ಎಂಪರರ್ ಅನ್ನುವುದು ಫ್ರೆಂಚರ, ರಷ್ಯನ್ನರ ಚಾಳಿ, ಇಂಗ್ಲಿಷರದ್ದಲ್ಲ ಅಂದರು. ಕೊನೆಗೆ ಬ್ರಿಟನ್ನಿನೊಳಗೆ ಆ ಬಿರುದು ಬಳಸುವುದಿಲ್ಲ ಅಂತ ಮಾತು ಕೊಟ್ಟು ಪಾಸು ಮಾಡಿಸಿದರು. ಇಂಡಿಯಾಕ್ಕೆ ಎಂಪ್ರೆಸ್, ಮನೆಗೆ ಕ್ವೀನ್.

ಹಳೇಪೆಟ್ಟಿಗೆ
ಚುಕ್ಕಿ ಇವತ್ತೇ ನೋಡುತ್ತೇನೆ. ಆದರೆ ನನ್ನ ಗೊಂದಲ ಇನ್ನೂ ಜಾಸ್ತಿ ಆಯಿತು. ಒಬ್ಬಳೇ ವ್ಯಕ್ತಿ, ಹಡಗು ಹತ್ತಿ ಈ ಕಡೆ ಬಂದರೆ ಎಂಪ್ರೆಸ್, ಆ ಕಡೆ ಇಳಿದರೆ ಕ್ವೀನ್. ಹಾಗಾದ್ರೆ ಇದು ನೆಲದ ಹೆಸರೋ, ಮನುಷ್ಯರ ಹೆಸರೋ?

ಏಳು ಗುಡ್ಡದವ
ಎರಡೂ ಅಲ್ಲ. ಮೊದಲಿಗೆ ಅದು ಅಧಿಕಾರದ ಹೆಸರು. ಸ್ವಲ್ಪ ಉದ್ದ ಬರೆಯುತ್ತೇನೆ, ರೋಮ್ ನನ್ನ ಹಳೇ ಹುಚ್ಚು.

ಲ್ಯಾಟಿನ್‌ನಲ್ಲಿ ‘ಇಂಪೆರಾರೆ’ ಅಂದ್ರೆ ಆಜ್ಞೆ ಮಾಡು. ‘ಇಂಪೆರಿಯಂ’ ಅಂದ್ರೆ ಆಜ್ಞೆ ಮಾಡುವ ಹಕ್ಕು. ಫ್ರೆಂಚ್ ದಾರಿಯಲ್ಲಿ ಸವೆದು ಅದೇ ಇಂಗ್ಲಿಷಿನ ಎಂಪೈರ್ ಆಯಿತು. ರೋಮನ್ನರಿಗೆ ಇಂಪೆರಿಯಂ ಕಣ್ಣಿಗೆ ಕಾಣುವ ವಸ್ತುವೇ ಆಗಿತ್ತು. ಕಾನ್ಸುಲ್, ಅಂದ್ರೆ ವರ್ಷಕ್ಕೊಮ್ಮೆ ಆರಿಸುವ ದೊಡ್ಡ ಅಧಿಕಾರಿ, ರಸ್ತೆಗಿಳಿದರೆ ಅವನ ಮುಂದೆ 12 ಮಂದಿ ಸಾಲಾಗಿ ನಡೆಯುತ್ತಿದ್ದರು. ಅವರಿಗೆ ಲಿಕ್ಟರ್ ಅಂತ ಹೆಸರು. ಒಬ್ಬೊಬ್ಬನ ಎಡಭುಜದ ಮೇಲೂ ಕೆಂಪು ಪಟ್ಟಿಯಲ್ಲಿ ಬಿಗಿದ ಬೆತ್ತದ ಕಟ್ಟು, ಅದರೊಳಗೆ ಒಂದು ಕೊಡಲಿ. ಬೆತ್ತ ಹೊಡೆಯಲಿಕ್ಕೆ, ಕೊಡಲಿ ತಲೆ ತೆಗೆಯಲಿಕ್ಕೆ. ಈತ ಹೇಳಿದರೆ ಹೇಳಿದ್ದು ಆಗುತ್ತದೆ ಅನ್ನುವುದಕ್ಕೆ ಅದು ಗುರುತು.

ಆದರೆ ರೋಮ್ ನಗರದ ಪವಿತ್ರ ಗಡಿಯೊಳಗೆ ಕಾಲಿಟ್ಟರೆ ಕೊಡಲಿಯನ್ನು ಕಟ್ಟಿನಿಂದ ಹೊರತೆಗೆಯಬೇಕು. ಊರೊಳಗಿನ ಪ್ರಜೆಗೆ ಮರಣದಂಡನೆಯ ವಿರುದ್ಧ ಜನರ ಮುಂದೆ ಅಪೀಲು ಹೋಗುವ ಹಕ್ಕಿತ್ತು. ಊರಾಚೆ, ದಂಡಿನ ನಡುವೆ, ಆ ಹಕ್ಕಿಗೆ ಹಾಗೆ ಬೆಲೆ ಇರಲಿಲ್ಲ. ಆಜ್ಞೆ ಅದೇ, ಅಂಚು ಬೇರೆ.

ಆ ಗಡಿ ಎಷ್ಟು ಗಟ್ಟಿ ಅನ್ನುವುದಕ್ಕೆ ಸೀಸರನ ಕಥೆ ಕೇಳಿ. ಕ್ರಿ.ಪೂ. 60. ಸ್ಪೇನಿನಲ್ಲಿ ಗೆದ್ದು ಬಂದಿದ್ದ. ಸೈನಿಕರು ಅವನನ್ನು ‘ಇಂಪೆರಾತೋರ್’ ಅಂತ ಕೂಗಿದ್ದರು. ಆಗ ಅದರ ಅರ್ಥ ಗೆದ್ದ ದಂಡನಾಯಕ, ಅಷ್ಟೇ. ವಿಜಯೋತ್ಸವದ ಮೆರವಣಿಗೆ ಬೇಕಾದರೆ ಇಂಪೆರಿಯಂ ಉಳಿಸಿಕೊಂಡು ಊರ ಹೊರಗೇ ಕಾಯಬೇಕು. ಕಾನ್ಸುಲ್ ಚುನಾವಣೆಗೆ ನಿಲ್ಲಬೇಕಾದರೆ ಊರೊಳಗೆ ಬಂದು ತಾನೇ ಹೆಸರು ಕೊಡಬೇಕು. ಒಳಗೆ ಬಂದರೆ ಇಂಪೆರಿಯಂ ಹೋಯಿತು, ಮೆರವಣಿಗೆಯೂ ಹೋಯಿತು. ದೂರದಿಂದಲೇ ಹೆಸರು ಕೊಡಲು ಬಿಡಿ ಅಂತ ಕೇಳಿದ. ಅವನ ವಿರೋಧಿ ಕೇಟೋ ಸೆನೆಟ್ಟಿನಲ್ಲಿ ಎದ್ದು ನಿಂತು ಹೊತ್ತು ಮುಳುಗುವವರೆಗೆ ಮಾತಾಡಿ ದಿನ ಕಳೆದುಬಿಟ್ಟ. ಸೀಸರ್ ಮೆರವಣಿಗೆ ಬಿಟ್ಟು ಒಳಗೆ ನಡೆದ.

ನೆಲದ ಅರ್ಥ ಬಂದಿದ್ದು ನಿಧಾನವಾಗಿ. ರೋಮಿನ ಆಜ್ಞೆ ಎಲ್ಲಿಯವರೆಗೆ ನಡೆಯುತ್ತದೋ ಅಲ್ಲಿಯವರೆಗಿನ ನೆಲಕ್ಕೂ ಅದೇ ಪದ ಅಂಟಿಕೊಂಡಿತು. ಅಗಸ್ಟಸ್ ಕಾಲದ ಹೊತ್ತಿಗೆ ಈ ಬಳಕೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಗಮನಿಸಿ: ಸಿಸಿಲಿ, ಸ್ಪೇನು, ಗ್ರೀಸು, ಗಾಲ್ ಎಲ್ಲಾ ರೋಮಿನ ಕೈಗೆ ಬಂದಿದ್ದು ಚಕ್ರವರ್ತಿ ಅನ್ನುವವನು ಹುಟ್ಟುವ ಮೊದಲೇ. ಎಂಪೈರ್ ಮುಂಚೆ, ಎಂಪರರ್ ಆಮೇಲೆ.

ಇನ್ನು ಅಗಸ್ಟಸ್. ರೋಮನ್ನರಿಗೆ ರಾಜ ಅಂದ್ರೆ ಆಗುತ್ತಿರಲಿಲ್ಲ. ಹಳೇ ರಾಜರನ್ನು ಓಡಿಸಿದ್ದೇ ಅವರ ಹೆಮ್ಮೆ. ಜಾಣ ಅಗಸ್ಟಸ್ ರಾಜನ ಹೆಸರು ಮುಟ್ಟಲೇ ಇಲ್ಲ. ಸೈನಿಕರ ಆ ಕೂಗನ್ನೇ ತನ್ನ ಹೆಸರಿನ ಮೊದಲ ಪದ ಮಾಡಿಕೊಂಡ. ಗೆದ್ದ ಪ್ರತಿ ಸೇನಾಪತಿಗೂ ಸಿಗುತ್ತಿದ್ದ ಗೌರವ ಹೀಗೆ ಒಂದೇ ಮನೆಯ ಸ್ವತ್ತಾಯಿತು.

ಕೋರಮಂಗಲ ಕಾಗೆ
ಕೇಟೋ ಮಾಡಿದ್ದನ್ನು ನಮ್ಮ ಅಪಾರ್ಟ್‌ಮೆಂಟ್ ಸಭೆಯಲ್ಲಿ ಪ್ರತಿ ತಿಂಗಳೂ ಒಬ್ಬರು ಮಾಡುತ್ತಾರೆ.

ವಕೀಲರ ಮಗ, ತುಮಕೂರು
ಅಳತೆ ಕೇಳಿದ್ದರಲ್ಲ. ಅಳತೆಯೇ ಇಲ್ಲ ಅನ್ನುವುದಕ್ಕೆ ಒಳ್ಳೆ ಸಾಕ್ಷಿ ಇಂಗ್ಲೆಂಡಿನದ್ದೇ.

1533ರಲ್ಲಿ ಎಂಟನೇ ಹೆನ್ರಿಯ ಸಂಸತ್ತು ಒಂದು ಕಾಯ್ದೆ ಮಾಡಿತು. ಅದರ ಪೀಠಿಕೆಯಲ್ಲಿ ‘ಈ ಇಂಗ್ಲೆಂಡ್ ದೇಶ ಒಂದು ಎಂಪೈರ್’ ಅಂತ ನೇರವಾಗಿ ಬರೆದಿದೆ. ಆಗ ಅಮೆರಿಕ ಇಲ್ಲ, ಇಂಡಿಯಾ ಇಲ್ಲ. ಸ್ಕಾಟ್ಲೆಂಡು ಬೇರೆ ರಾಜನದ್ದು. ಫ್ರಾನ್ಸ್ ಕಡೆ ಕ್ಯಾಲೆ ಅನ್ನುವ ಒಂದು ಊರು, ಪಕ್ಕದಲ್ಲಿ ಅರ್ಧಂಬರ್ಧ ಹಿಡಿತದ ಐರ್ಲೆಂಡು, ಅಷ್ಟೇ. ಮತ್ತೆ ಎಂಪೈರ್ ಯಾವ ಬಾಯಲ್ಲಿ?

ಅಲ್ಲಿ ಆ ಪದದ ಅರ್ಥ ‘ನಮ್ಮ ಮೇಲೆ ಯಾರೂ ಇಲ್ಲ’. ಹೆನ್ರಿಗೆ ಹೆಂಡತಿ ಕ್ಯಾಥರೀನಳಿಂದ ಬಿಡುಗಡೆ ಬೇಕಿತ್ತು. ಅವಳು ಪೋಪನ ಹತ್ತಿರ ಅಪೀಲು ಹೋಗಬಹುದಿತ್ತು. ಇಂಗ್ಲೆಂಡು ಎಂಪೈರ್, ಇಲ್ಲಿನ ಕೇಸು ಇಲ್ಲೇ ಮುಗಿಯಬೇಕು, ರೋಮಿಗೆ ಅಪೀಲಿಲ್ಲ. ಕಾಯ್ದೆಯ ಹೆಸರೇ ಅಪೀಲು ತಡೆ ಕಾಯ್ದೆ.

ಇದು ಹೆನ್ರಿಯ ಸ್ವಂತ ಐಡಿಯಾ ಅಲ್ಲ. 1469ರಲ್ಲೇ ಸ್ಕಾಟ್ಲೆಂಡಿನ ಸಂಸತ್ತು ತನ್ನ ರಾಜನಿಗೆ ರಾಜ್ಯದೊಳಗೆ ‘ಸ್ವತಂತ್ರ ಎಂಪೈರ್’ ಇದೆ ಅಂದಿತ್ತು. ಅದಕ್ಕೂ ಹಿಂದೆ, 13ನೇ ಶತಮಾನದಿಂದಲೇ, ಯುರೋಪಿನ ವಕೀಲರ ಬಾಯಲ್ಲಿ ಒಂದು ಮಾತಿತ್ತು: ರಾಜ ತನ್ನ ರಾಜ್ಯದೊಳಗೆ ಚಕ್ರವರ್ತಿಯೇ. ಫ್ರಾನ್ಸಿನ ದೊರೆಯ ಪರವಾಗಿ ಈ ವಾದವನ್ನು ಚೆನ್ನಾಗಿ ಓಡಿಸಿದರು. ಆ ಕಡೆ ಜರ್ಮನಿಯಲ್ಲೊಬ್ಬ ರೋಮನ್ ಚಕ್ರವರ್ತಿ (ಹೋಲಿ ರೋಮನ್ ಎಂಪರರ್) ಇದ್ದಾನೆ, ಅವನ ಮಾತು ನಮಗೆ ಅನ್ವಯಿಸುವುದಿಲ್ಲ ಅನ್ನುವುದು ಗುರಿ.

ನನ್ನ ಅಭಿಪ್ರಾಯ ಇಷ್ಟು. ಎಷ್ಟು ನೆಲ ಇದೆ ಅನ್ನುವುದು ಆಮೇಲಿನ ಪ್ರಶ್ನೆ. ಮೊದಲ ಪ್ರಶ್ನೆ, ಕೊನೇ ಮಾತು ಯಾರದ್ದು?

ಬಯಲುಸೀಮೆ
ಕಾನೂನಿನ ಕಥೆ ಚೆನ್ನಾಗಿದೆ. ಆದರೆ ಕೆಳಗೆ ನಿಂತವನಿಗೆ ಆ ಪದ ಹೇಗೆ ಕೇಳಿಸುತ್ತದೆ ಅಂತಲೂ ಸ್ವಲ್ಪ ನೋಡಿ. ಮೇಲೆ ಯಾರೂ ಇಲ್ಲ ಅಂತ ಹೇಳುವವರ ಕೆಳಗೆ ಯಾರೋ ಇರಲೇಬೇಕಲ್ವಾ?

1877ರ ಜನವರಿ 1 ಅಂದರಲ್ಲ, ಆಗ ನಮ್ಮ ಕಡೆ ಧಾತು ಸಂವತ್ಸರ. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ಮುಂದಿನದ್ದು ಈಶ್ವರ. ಧಾತು ಈಶ್ವರದ ಬರ ಅಂತ ಹಳೇ ಮಂದಿ ಹೇಳುತ್ತಿದ್ದುದು ಇದನ್ನೇ. ಕೋಲಾರ, ತುಮಕೂರು, ಚಿತ್ರದುರ್ಗ, ಬಳ್ಳಾರಿ ಕಡೆ ಜನ ಊರು ಬಿಟ್ಟು ದಾರಿಯಲ್ಲೇ ಸಾಯುತ್ತಿದ್ದರು. ಮೈಸೂರು ಸಂಸ್ಥಾನದ ಜನಗಣತಿ ನೋಡಿ. 1871ರಲ್ಲಿ ಸುಮಾರು 50 ಲಕ್ಷ, 1881ರಲ್ಲಿ ಸುಮಾರು 42 ಲಕ್ಷ. ಹತ್ತು ವರ್ಷದಲ್ಲಿ ಜನ ಹೆಚ್ಚಬೇಕಿತ್ತು, ಇಳಿದರು.

ಅದೇ ಹೊತ್ತಿಗೆ ದೆಹಲಿಯಲ್ಲಿ ವೈಸ್‌ರಾಯ್ ಲಿಟ್ಟನ್ ದರ್ಬಾರು ನಡೆಸುತ್ತಿದ್ದ. ವಿಕ್ಟೋರಿಯಾ ಬರಲೂ ಇಲ್ಲ. ದೇಶದ ರಾಜರನ್ನೆಲ್ಲ ಕರೆಸಿ ಒಬ್ಬೊಬ್ಬರಿಗೂ ರೇಷ್ಮೆಯ ಬಾವುಟ ಕೊಟ್ಟರು. ಅದನ್ನು ಎತ್ತಿ ಹಿಡಿಯಲು ಗಟ್ಟಿಮುಟ್ಟಾದ ಸ್ಕಾಟ್ ಸೈನಿಕರಿಗೂ ಕಷ್ಟವಾಗುವಷ್ಟು ಭಾರ. ಯಾರಿಗೆ ಎಷ್ಟು ತೋಪು ಹಾರಿಸಿ ಸಲಾಮು ಅಂತ ಪಟ್ಟಿ. ಹೈದರಾಬಾದಿಗೆ 21, ಬರೋಡಕ್ಕೆ 21, ಮೈಸೂರಿಗೆ 21. ಆಗ ಈ ಮೂರೂ ಕಡೆಯ ಗಾದಿಯಲ್ಲಿದ್ದವರು ಚಿಕ್ಕ ಹುಡುಗರು. ನಮ್ಮ ಚಾಮರಾಜೇಂದ್ರ ಒಡೆಯರಿಗೆ ಇನ್ನೂ 14 ತುಂಬಿರಲಿಲ್ಲ. ಅವರ ಸಂಸ್ಥಾನವನ್ನು 1831ರಿಂದ ಇಂಗ್ಲಿಷ್ ಕಮಿಷನರ್‌ಗಳೇ ಆಳುತ್ತಿದ್ದರು.

1881ರ ಮಾರ್ಚ್ 25ರಂದು ರಾಜ್ಯ ವಾಪಸು ಕೊಟ್ಟರು. ಕೊಟ್ಟ ಪತ್ರ ಓದಿದರೆ ಎಂಪೈರ್ ಅಂದ್ರೇನು ಅಂತ ನಿಘಂಟು ಬೇಡ. ವಾರ್ಷಿಕ ಕಪ್ಪ 24.5 ಲಕ್ಷದಿಂದ 35 ಲಕ್ಷಕ್ಕೆ ಏರಿತು. ಬರದ ಸಾಲ ಇದ್ದದ್ದರಿಂದ ಏರಿಸಿದ ಭಾಗವನ್ನು ಮಾತ್ರ ಕೆಲವು ವರ್ಷ ಮುಂದಕ್ಕೆ ಹಾಕಿದರು. ಬೇರೆ ರಾಜ್ಯಗಳ ಜೊತೆ ನೇರ ವ್ಯವಹಾರ ಇಲ್ಲ. ಇನ್ನೊಂದು ಷರತ್ತು ನಾಣ್ಯದವರಿಗೆ ಇಷ್ಟವಾಗಬಹುದು: ಮೈಸೂರಿನ ಸ್ವಂತ ನಾಣ್ಯವನ್ನು ಮತ್ತೆ ಶುರು ಮಾಡುವಂತಿಲ್ಲ.

ವಕೀಲರ ಮಗ, ತುಮಕೂರು
ಇದನ್ನು ನಾನು ವಿರೋಧ ಅಂತ ತಗೊಳ್ಳುವುದಿಲ್ಲ. ಅದೇ ನಾಣ್ಯದ ಆ ಮುಖ ನೀವು ಹೇಳಿದ್ದು. ಹೆನ್ರಿ ‘ಅಪೀಲಿಲ್ಲ’ ಅಂದದ್ದು ಮೇಲಿನವನಿಗೆ. ಲಿಟ್ಟನ್ ಹೇಳಿದ್ದು ಕೆಳಗಿನವರಿಗೆ.

ಬಯಲುಸೀಮೆ
ತಗೊಳ್ಳಿ, ತಗೊಳ್ಳದಿರಿ. ಎಂಟು ಲಕ್ಷ ಜನ ಕಡಿಮೆಯಾದದ್ದು ನಾಣ್ಯದ ಮುಖ ಅಲ್ಲ. ಪದದ ಚರ್ಚೆಯಲ್ಲಿ ಬರ ಪಕ್ಕಕ್ಕೆ ಸರಿಯಬಾರದು ಅಂತ ಬರೆದೆ.

ಹಳೇಪೆಟ್ಟಿಗೆ
ಬರದ ಲೆಕ್ಕ ಗೊತ್ತಿರಲಿಲ್ಲ. ಅದರ ಮೇಲೆ ಬೇರೆ ಎಳೆಯನ್ನೇ ತೆಗೆಯಿರಿ, ಓದುತ್ತೇವೆ.

ಒಂದು ಉಪಪ್ರಶ್ನೆ. ಹಳೇ ಪದಕಗಳಲ್ಲಿ ‘ಕೈಸರೆ ಹಿಂದ್’ ಅಂತ ನೋಡಿದ್ದೇನೆ. ಜರ್ಮನಿಯ ಕೈಸರ್‌ಗೂ ಇದಕ್ಕೂ ನಂಟಿದೆಯಾ?

ಶಿವಾಜಿನಗರ ಸಂಜೆ
ನಂಟಿದೆ, ಆದರೆ ಜರ್ಮನಿಯಿಂದ ಬಂದದ್ದಲ್ಲ. ಇಬ್ಬರಿಗೂ ಮೂಲ ಒಂದೇ, ಜೂಲಿಯಸ್ ಸೀಸರ್. ಅದು ಅವನ ಮನೆತನದ ಅಡ್ಡಹೆಸರು. ಸತ್ತ ಮೇಲೆ ಬಿರುದಾಯಿತು. ಜರ್ಮನಿಗೆ ಹೋಗಿ ಕೈಸರ್, ಸ್ಲಾವ್ ಜನರ ಬಾಯಲ್ಲಿ ತ್ಸಾರ್, ಅರಬ್ಬಿ ಫಾರಸಿಯಲ್ಲಿ ಖೈಸರ್. ಪೂರ್ವ ರೋಮನ್ನರ ರಾಜಧಾನಿಯಾಗಿದ್ದ ಇಸ್ತಾಂಬುಲ್ ಗೆದ್ದ ಒಟ್ಟೊಮನ್ ಸುಲ್ತಾನ ಎರಡನೇ ಮೆಹಮದ್ 1453ರ ನಂತರ ‘ಖೈಸರೆ ರೂಮ್’ ಅಂತ ಕರೆಸಿಕೊಂಡ. ರೂಮ್ ಅಂದ್ರೆ ರೋಮ್. ಊರು ಗೆದ್ದ ಮೇಲೆ ಹೆಸರೂ ನಮ್ಮದೇ ಅನ್ನುವ ಲೆಕ್ಕ.

ನಮ್ಮ ಉಪಖಂಡಕ್ಕೆ ಇದು ಬ್ರಿಟಿಷರಿಗಿಂತ ತುಂಬಾ ಹಳೇದು. ಅಟಕ್ ಹತ್ತಿರ ಸಿಕ್ಕ ಆರಾ ಶಾಸನದಲ್ಲಿ ಕನಿಷ್ಕ ಅನ್ನುವ ಹೆಸರಿನ ಕುಷಾಣ ದೊರೆಗೆ ಮಹಾರಾಜ, ರಾಜಾತಿರಾಜ, ದೇವಪುತ್ರ, ಕೈಸರ ಅಂತ ನಾಲ್ಕು ಬಿರುದು ಸಾಲಾಗಿವೆ. ಒಂದು ಭಾರತದ್ದು, ಒಂದು ಇರಾನಿನ ಕಡೆಯದ್ದು, ಒಂದು ಚೀನಾ ಕಡೆಯದ್ದು, ಒಂದು ರೋಮಿನದ್ದು ಅಂತ ವಿದ್ವಾಂಸರು ಬಿಡಿಸುತ್ತಾರೆ. ಯಾವ ದಿಕ್ಕಿನ ದೊರೆಗೂ ತಾನು ಕಡಿಮೆಯಿಲ್ಲ ಅನ್ನುವ ಠೀವಿ.

1876ರಲ್ಲಿ ಈ ಪದ ಸೂಚಿಸಿದ್ದು ಲೈಟ್ನರ್, ಲಾಹೋರಿನ ಸರ್ಕಾರಿ ಕಾಲೇಜಿನ ಪ್ರಿನ್ಸಿಪಾಲ್. ಹಂಗೇರಿಯಲ್ಲಿ ಹುಟ್ಟಿದವರು, ಹತ್ತಾರು ಭಾಷೆ ಬಲ್ಲವರು. ಬಾದಶಹ ಅಂದ್ರೆ ಮೊಗಲರ ನೆನಪು. ಮಹಾರಾಜ ಅಂದ್ರೆ ಅಂಥವರು ಊರಿಗೊಬ್ಬರು. ಕೈಸರ್ ಅಂದ್ರೆ ಜನ ಕೇಳಿದ ಪದ, ಆದರೆ ಆಗ ಇಲ್ಲಿನ ಯಾವ ದೊರೆಯೂ ಅದನ್ನು ಹಾಕಿಕೊಂಡಿರಲಿಲ್ಲ. ಹೆಂಗಸಿಗೂ ಗಂಡಸಿಗೂ ನಡೆಯುತ್ತದೆ ಅನ್ನುವುದು ಇನ್ನೊಂದು ಅನುಕೂಲ. ನೀವು ನೋಡಿದ ಪದಕ 1900ರಲ್ಲಿ ಶುರುವಾದದ್ದು. ಗಾಂಧೀಜಿಗೆ 1915ರಲ್ಲಿ ಕೊಟ್ಟಿದ್ದರು. 1920ರಲ್ಲಿ ವಾಪಸು ಕಳಿಸಿದರು.

ಶಾಸನಪ್ರಿಯ
ಬಿರುದಿನ ಮಾತು ಬಂತಲ್ಲ, ನಮ್ಮ ಕಲ್ಲುಗಳನ್ನೂ ಒಮ್ಮೆ ನೋಡೋಣ. ವಕೀಲರ ಮಗ ಹೇಳಿದ ‘ಕೊನೇ ಮಾತು ಯಾರದ್ದು’ ಇಲ್ಲಿ ಕಣ್ಣಿಗೆ ಹೊಡೆದಂತೆ ಕಾಣುತ್ತದೆ.

ವಿಜಯನಗರದ ಮೊದಲ ದೊರೆಗಳಾದ ಹರಿಹರ, ಬುಕ್ಕ ತಮ್ಮ ಶಾಸನಗಳಲ್ಲಿ ‘ಮಹಾಮಂಡಲೇಶ್ವರ’ ಅಂತ ಕರೆದುಕೊಳ್ಳುತ್ತಾರೆ. ಕೇಳಲು ಭರ್ಜರಿಯಾಗಿದೆ. ಆದರೆ ಚಾಲುಕ್ಯರ ಕಾಲದಿಂದ ಅದು ಸಾಮಂತನ ಬಿರುದು. ಅಂದರೆ ಮೇಲೆ ಇನ್ನೊಬ್ಬ ಇದ್ದಾನೆ ಅಂತ ಒಪ್ಪಿಕೊಂಡವನದ್ದು. ಬುಕ್ಕನ ಕಾಲಕ್ಕೇ ನೆಲ ಎಷ್ಟೋ ಬೆಳೆದಿತ್ತು. ‘ಮಹಾರಾಜಾಧಿರಾಜ ರಾಜಪರಮೇಶ್ವರ’ ಅನ್ನುವುದು ಗಟ್ಟಿಯಾಗಿ ನಿಂತಿದ್ದು 1377ರಲ್ಲಿ ಪಟ್ಟಕ್ಕೆ ಬಂದ ಎರಡನೇ ಹರಿಹರನಿಂದ. ನೆಲ ಮೊದಲು, ಬಿರುದು ಆಮೇಲೆ. ರೋಮಿನ ಕಥೆಯ ಹಾಗೇ.

ಬಾದಾಮಿಯ ಇಮ್ಮಡಿ ಪುಲಕೇಶಿಯದ್ದು ಇನ್ನೊಂದು. ಉತ್ತರದ ಹರ್ಷನನ್ನು ತಡೆದ ಮೇಲೆ ‘ಪರಮೇಶ್ವರ’ ಅನ್ನುವ ಹೆಸರು ಪಡೆದ ಅಂತ ಅವನ ಮನೆತನದ ಶಾಸನಗಳೇ ಹೇಳುತ್ತವೆ. ಹರ್ಷನ ರಾಜ್ಯವೇನೂ ಅವನ ಕೈಗೆ ಬರಲಿಲ್ಲ. ಸಿಕ್ಕಿದ್ದು, ಅಷ್ಟು ದೊಡ್ಡ ದೊರೆಗೂ ತಗ್ಗಲಿಲ್ಲ ಅನ್ನುವ ಹೆಸರು.

ಹಂಪಿ ಹೈದ
ಅಂದ್ರೆ ವಿಜಯನಗರ ಸಾಮ್ರಾಜ್ಯ ಅಲ್ಲ ಅಂತೀರಾ? ಸುಮ್ನೆ ಹೊಸ ಗಲಾಟೆ ಬೇಡ.

ಶಾಸನಪ್ರಿಯ
ಹಾಗೆಲ್ಲಿ ಹೇಳಿದೆ? ನಾನು ಹೇಳಿದ್ದು ಹೆಸರಿನ ಇತಿಹಾಸ. 16ನೇ ಶತಮಾನದಲ್ಲಿ ಬಂದ ಪೋರ್ಚುಗೀಸರು ಬಿಸ್ನಗಾ ಅಂತ, ನರಸಿಂಗನ ರಾಜ್ಯ ಅಂತ ಬರೆದರು. ‘ರಾಜ್ಯ’, ‘ರಾಜರು’, ಅಷ್ಟೇ. ಇಂಗ್ಲಿಷ್ ಓದುವವರ ಮನಸ್ಸಿನಲ್ಲಿ ‘ಎಂಪೈರ್’ ಗಟ್ಟಿಯಾಗಿ ಕೂತಿದ್ದು 1900ರಲ್ಲಿ ರಾಬರ್ಟ್ ಸೂಯಲ್ ತನ್ನ ಪುಸ್ತಕದ ಹೆಸರಲ್ಲೇ ಅದನ್ನು ಹಾಕಿದ ಮೇಲೆ. ಆತ ಮದರಾಸಿನ ಬ್ರಿಟಿಷ್ ಅಧಿಕಾರಿ. ಅವನ ಕಾಲದಲ್ಲಿ ಎಂಪೈರ್ ಅನ್ನುವುದೇ ದೊಡ್ಡ ಹೊಗಳಿಕೆ. ನಮ್ಮ ಶಾಸನದ ಸಾಮಾನ್ಯ ಮಾತು ‘ಪೃಥ್ವೀರಾಜ್ಯಂ ಗೆಯ್ಯುತ್ತಿರಲು’. ಇಡೀ ಭೂಮಿಯನ್ನೇ ಆಳುತ್ತಿದ್ದ ಅಂತ. ಸೂಯಲ್ ಕೊಟ್ಟದ್ದಕ್ಕಿಂತ ಇದೇ ದೊಡ್ಡದಲ್ವಾ!

ಹಂಪಿ ಹೈದ
ಇದು ಓಕೆ. ಭೂಮಿಗಿಂತ ಕಡಿಮೆಗೆ ನಾವು ಒಪ್ಪಲ್ಲ.

ಸಿಯೋಲ್ ಸೋಮ
ಕೊರಿಯಾದಲ್ಲಿ ಇದ್ದು ಕೆಲವು ವರ್ಷವಾಯಿತು. ಇಲ್ಲಿನದ್ದು ಒಂದು ಸೇರಿಸುತ್ತೇನೆ. ಹೆನ್ರಿಯ ಕಥೆಗೆ ಇದು ತಮ್ಮ.

ನೂರಾರು ವರ್ಷ ಕೊರಿಯಾದ ದೊರೆ ‘ವಾಂಗ್’, ಅಂದರೆ ರಾಜ. ‘ಹ್ವಾಂಗ್ಜೆ’, ಅಂದರೆ ಚಕ್ರವರ್ತಿ, ಚೀನಾದಲ್ಲಿ ಮಾತ್ರ. ಚೀನಾದ ದೂತರು ಬಂದಾಗ ಸ್ವಾಗತಿಸಲು ಸಿಯೋಲಿನ ಪಶ್ಚಿಮಕ್ಕೆ ಒಂದು ಹೆಬ್ಬಾಗಿಲು ಇತ್ತು. 1894-95ರ ಯುದ್ಧದಲ್ಲಿ ಚೀನಾ ಜಪಾನಿಗೆ ಸೋತಿತು. 1897ರ ಅಕ್ಟೋಬರ್ 12ರಂದು ರಾಜ ಗೊಜೊಂಗ್ ತಾನು ಹ್ವಾಂಗ್ಜೆ ಅಂತ ಸಾರಿದ. ನೆಲ ಒಂದಿಂಚೂ ಹೆಚ್ಚಾಗಿರಲಿಲ್ಲ. ಹೆಚ್ಚಾಗಿದ್ದು ಸ್ವಾತಂತ್ರ್ಯದ ಮಾತು.

ಇದನ್ನು ಬರೀ ಬಾಯಲ್ಲಿ ಹೇಳಲಿಲ್ಲ. ಆಕಾಶಕ್ಕೆ ಪೂಜೆ ಮಾಡುವ ಹಕ್ಕು ಚೀನಾದ ಚಕ್ರವರ್ತಿಗೆ ಮಾತ್ರ ಅನ್ನುವ ನಂಬಿಕೆ ಇತ್ತಲ್ಲ, ಅದಕ್ಕೆ ಸಿಯೋಲಿನ ನಡುವೆ ಆಕಾಶಪೂಜೆಯ ವೇದಿಕೆ ಕಟ್ಟಿಸಿ ಅಲ್ಲೇ ಪಟ್ಟ ಏರಿದ. ಜನ ಕರೆಯುವ ರೀತಿಯೂ ಬದಲಾಯಿತು. ರಾಜನಿಗೆ ‘ಚೊನ್ಹಾ’ ಅನ್ನುತ್ತಿದ್ದವರು ಆ ವರ್ಷಗಳಲ್ಲಿ ಚಕ್ರವರ್ತಿಗೆ ಸಲ್ಲುವ ‘ಪ್ಯೇಹಾ’ ಅನ್ನತೊಡಗಿದರು. ಹಳೇ ಸ್ವಾಗತದ ಬಾಗಿಲು ಕೆಡವಿದ ಜಾಗದ ಹತ್ತಿರ ಕಲ್ಲಿನ ಸ್ವಾತಂತ್ರ್ಯ ದ್ವಾರ ಎದ್ದಿತು. ಹಳೇ ಬಾಗಿಲಿನ ಎರಡು ಕಲ್ಲುಕಂಬದ ಬುಡ ಅದರ ಮುಂದೆ ಈಗಲೂ ಇವೆ.

1910ರಲ್ಲಿ ಜಪಾನ್ ಇಡೀ ದೇಶವನ್ನೇ ನುಂಗಿತು. ವೇದಿಕೆಯನ್ನು ಕೆಡವಿ ರೈಲ್ವೆ ಹೋಟೆಲು ಕಟ್ಟಿದರು. ಪಕ್ಕದ ಎಂಟು ಮೂಲೆಯ ಗುಡಿ ಮಾತ್ರ ಉಳಿದಿದೆ. ಈಗ ದೊಡ್ಡ ಹೋಟೆಲಿನ ಹಿಂದೆ, ಎತ್ತರದ ಕಟ್ಟಡಗಳ ನಡುವೆ ಸಿಕ್ಕಿಕೊಂಡಿದೆ. ಹುಡುಕಿಕೊಂಡು ಹೋಗದಿದ್ದರೆ ಕಾಣುವುದಿಲ್ಲ.

ಏಳು ಗುಡ್ಡದವ
ಬೊಂಬಾಟ್ ಉದಾಹರಣೆ. ಒಂದೇ ವರ್ಷದ ಇನ್ನೊಂದು ತಮಾಷೆ ಸೇರಿಸುತ್ತೇನೆ. 1804ರಲ್ಲಿ ಮೂರು ಹೊಸ ಚಕ್ರವರ್ತಿಗಳು. ಮೇ ತಿಂಗಳಲ್ಲಿ ನೆಪೋಲಿಯನ್ ಘೋಷಣೆ. ಆಗಸ್ಟ್‌ನಲ್ಲಿ ವಿಯೆನ್ನಾದ ಫ್ರಾನ್ಸಿಸ್, ತನ್ನ ಹಳೇ ರೋಮನ್ ಬಿರುದು ಕೈತಪ್ಪಬಹುದು ಅಂತ ಮೊದಲೇ ‘ಆಸ್ಟ್ರಿಯಾದ ಚಕ್ರವರ್ತಿ’ ಆದ. ಅವನ ಎಣಿಕೆ ಸರಿ ಇತ್ತು, 1806ರ ಆಗಸ್ಟ್ 6ಕ್ಕೆ ಹಳೇದು ಮುಗಿದೇ ಹೋಯಿತು. ಮೂರನೆಯವನು ಹೈಟಿಯ ದೆಸಲೀನ್. ಗುಲಾಮನಾಗಿ ಹುಟ್ಟಿದವನು, ನೆಪೋಲಿಯನ್ ಕಳಿಸಿದ ಸೈನ್ಯವನ್ನೇ ಸೋಲಿಸಿದವನು. ಅವನ ಪಟ್ಟಾಭಿಷೇಕ ಅಕ್ಟೋಬರಿನಲ್ಲಿ, ನೆಪೋಲಿಯನ್ನನದ್ದು ಡಿಸೆಂಬರ್ 2ಕ್ಕೆ. ಹೈಟಿ ಒಂದು ದ್ವೀಪದ ಒಂದು ತುಂಡು ಮಾತ್ರ. ಮೂವರಲ್ಲಿ ಆ ಪದಕ್ಕೆ ಹೆಚ್ಚು ಹಕ್ಕಿದ್ದವನು ಅವನೇ ಅಂತ ನನಗನ್ನಿಸುತ್ತದೆ.

ಹಳೇಪೆಟ್ಟಿಗೆ
ಚಕ್ರವರ್ತಿ ಇಲ್ಲದ ಎಂಪೈರ್ ಇರಬಹುದಾ?

ವಕೀಲರ ಮಗ, ತುಮಕೂರು
ಇತ್ತಲ್ಲ. ಫ್ರಾನ್ಸ್ 1870ರಲ್ಲಿ ಕೊನೇ ಚಕ್ರವರ್ತಿಯನ್ನು ಕಳಕೊಂಡು ಗಣರಾಜ್ಯವಾಯಿತು. ವಿಯೆಟ್ನಾಮಿನ ಉತ್ತರ ಮತ್ತು ನಡುಭಾಗ, ಮಡಗಾಸ್ಕರ್, ಪಶ್ಚಿಮ ಆಫ್ರಿಕಾದ ಬಹುಪಾಲು ಹಿಡಿದಿದ್ದು ಆಮೇಲೆಯೇ. ಉಲ್ಟಾ ಬೇಕಾದರೆ ಜಪಾನ್ ನೋಡಿ. 1947ರ ಸಂವಿಧಾನದಿಂದ ಎಂಪೈರ್ ಹೋಯಿತು, ಚಕ್ರವರ್ತಿ ಉಳಿದ. ಆದರೆ ಅವನಿಗೆ ಆಜ್ಞೆ ಮಾಡುವ ಹಕ್ಕೇ ಇಲ್ಲ. ಲ್ಯಾಟಿನ್ ಅರ್ಥದಲ್ಲಿ ನೋಡಿದರೆ ಇಂಪೆರಿಯಂ ಇಲ್ಲದ ಇಂಪೆರಾತೋರ್.

ಬಯಲುಸೀಮೆ
ಫ್ರಾನ್ಸಿನ ಉದಾಹರಣೆ ನನ್ನ ಕಡೆಗೆ ಬರುತ್ತದೆ ನೋಡಿ. ಬಿರುದೂ ಇಲ್ಲ, ಕಿರೀಟವೂ ಇಲ್ಲ, ಆದರೂ ವಿಯೆಟ್ನಾಮಿನ ರೈತನಿಗೆ ಅದು ಎಂಪೈರೇ.

ಶಾಸನಪ್ರಿಯ
ಅದು ಸರಿ. ಹಾಗೇ ಅಶೋಕನನ್ನೂ ನೆನ‌ಪಿಸಿಕೊಳ್ಳಿ. ನಾವು ಬಾಯಿ ತುಂಬ ಸಾಮ್ರಾಟ್ ಅನ್ನುತ್ತೇವೆ. ಅವನ ಕಲ್ಲುಗಳಲ್ಲಿ ಇರುವುದು ಬರೀ ‘ರಾಜ’. ಕಲಬುರಗಿ ಜಿಲ್ಲೆಯ ಸನ್ನತಿ ಹತ್ತಿರ ಕನಗನಹಳ್ಳಿಯಲ್ಲಿ ಅವನ ಶಿಲ್ಪ ಸಿಕ್ಕಿತಲ್ಲ, ಅದರ ಮೇಲೆ ‘ರಾಯ ಅಸೋಕೊ’ ಅಂತಿದೆ. ರಾಯ!

ಆದರೆ ಆಜ್ಞೆ ಹೇಗೆ ಹರಿಯುತ್ತಿತ್ತು ಅಂತ ನೋಡಬೇಕಾದರೆ ಬ್ರಹ್ಮಗಿರಿ ಶಾಸನ ಓದಬೇಕು. ಅದು ದೊರೆಯ ಮಾತಿನಿಂದ ಶುರುವಾಗುವುದಿಲ್ಲ. ಸುವರ್ಣಗಿರಿಯಿಂದ ರಾಜಕುಮಾರ ಮತ್ತು ಮಹಾಮಾತ್ರರು (ಹಿರಿಯ ಅಧಿಕಾರಿಗಳು), ಇಸಿಲ ಅನ್ನುವ ಊರಿನಲ್ಲಿರುವ ಮಹಾಮಾತ್ರರ ಆರೋಗ್ಯ ವಿಚಾರಿಸುತ್ತಾರೆ. ಕ್ಷೇಮವೇ ಅಂತ ಕೇಳಿ ಆಮೇಲೆ ವಿಷಯಕ್ಕೆ ಬರುತ್ತಾರೆ: ದೇವಾನಾಂಪ್ರಿಯ (ಅಂದರೆ ಅಶೋಕ) ಹೀಗೆ ಹೇಳುತ್ತಾನೆ ಅಂತ. ಪಾಟಲಿಪುತ್ರದ ಮಾತು, ಸುವರ್ಣಗಿರಿಯ ಕಚೇರಿ ದಾಟಿ, ಇಸಿಲದ ಕಚೇರಿಗೆ. ಇವತ್ತಿನ ಸುತ್ತೋಲೆಯ ಹಾಗೇ.

ಕೋರಮಂಗಲ ಕಾಗೆ
ನಮ್ಮ ಆಫೀಸಿನ ಸುತ್ತೋಲೆಯಲ್ಲಿ ಆರೋಗ್ಯ ಯಾರೂ ಕೇಳಲ್ಲ. ಬ್ರಹ್ಮಗಿರಿ ಎಲ್ಲಿ ಬರುತ್ತದೆ? ವಾರಾಂತ್ಯಕ್ಕೆ ಹೋಗಬಹುದಾ?

ಶಾಸನಪ್ರಿಯ
ಧಾರಾಳವಾಗಿ. ಚಿತ್ರದುರ್ಗ ಜಿಲ್ಲೆ, ಮೊಳಕಾಲ್ಮೂರು ತಾಲ್ಲೂಕು. ಅಲ್ಲೇ ಸುತ್ತಮುತ್ತ ಮೂರು ಕಡೆ ಇದೇ ಶಾಸನ ಇದೆ: ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ಮೂರನ್ನೂ 1892ರಲ್ಲಿ ಬೆಳಕಿಗೆ ತಂದದ್ದು ಶಾಸನತಜ್ಞ ಬಿ.ಎಲ್. ರೈಸ್. ಜಟಿಂಗ ರಾಮೇಶ್ವರದ್ದು ಬೆಟ್ಟದ ಮೇಲಿದೆ, ಹತ್ತಬೇಕು. ಅಕ್ಷರವೂ ತುಂಬಾ ಸವೆದಿದೆ. ಬಿಸಿಲು ಏರುವ ಮೊದಲೇ ಹೊರಡಿ, ನೀರು ಒಯ್ಯಿರಿ.

ಬ್ರಹ್ಮಗಿರಿಯಲ್ಲಿ ಕೊನೇ ಸಾಲನ್ನು ತಪ್ಪದೆ ನೋಡಿ. ಶಾಸನವೆಲ್ಲ ಬ್ರಾಹ್ಮೀ ಲಿಪಿ, ಎಡದಿಂದ ಬಲಕ್ಕೆ. ಬರೆದವನು ಚಪಡ. ಅವನು ‘ಲಿಪಿಕಾರ’ ಅನ್ನುವುದನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ, ಬಲದಿಂದ ಎಡಕ್ಕೆ. ಗಾಂಧಾರದ ಕಡೆಯ ಲಿಪಿ ಅದು. ಮೊಳಕಾಲ್ಮೂರಿನಲ್ಲಿ ಆಗ ಅದನ್ನು ಓದಬಲ್ಲವರು ಯಾರಿದ್ದರೋ!